ವಾಹನ ಪ್ರಶ್ನೋತ್ತರ: ಸ್ಟೀರಿಂಗ್ ಕಾಲಂ ಅಲುಗದಿದ್ದಾಗ

ಈ ತಿಂಗಳ ಟಪಾಲಿನಲ್ಲಿ ಆರು ಪತ್ರಗಳು ಕಾರಿನ ಒಂದೇ ಭಾಗದ ಬಗ್ಗೆ ಬಂದಿವೆ. ಗುಂಡಿ ಒತ್ತಿದರೆ ಮೇಲಕ್ಕೂ ಕೆಳಕ್ಕೂ ಬಾಗುವ, ಚಾಲಕನ ಹತ್ತಿರಕ್ಕೆ ಬರುವ, ದೂರ ಸರಿಯುವ ಸ್ಟೀರಿಂಗ್ ಕಾಲಂ, ಅಂದರೆ ಸ್ಟೀರಿಂಗ್ ಚಕ್ರವನ್ನು ಹೊತ್ತ ಕಂಬ, ಆ ಭಾಗ. ನಮ್ಮ ರಸ್ತೆಗಳಲ್ಲಿ ಓಡುವ ಹೆಚ್ಚಿನ ಕಾರುಗಳಲ್ಲಿ ಈ ಕೆಲಸವನ್ನು ಕಾಲಂ ಅಡಿಯ ಒಂದು ಲಿವರ್ ಮಾಡುತ್ತದೆ. ದುಬಾರಿ ಕಾರುಗಳಲ್ಲಿ ಎರಡು ಪುಟ್ಟ ಮೋಟಾರುಗಳು ಮಾಡುತ್ತವೆ. ಬೆಂಗಳೂರಿನಲ್ಲಿ ಅಂಥ ಎಷ್ಟೋ ಕಾರುಗಳು ಈಗ ಎರಡನೆಯ, ಮೂರನೆಯ ಮಾಲೀಕರ ಕೈ ಸೇರಿವೆ. ವಾರಂಟಿ ಮುಗಿದ ಮೇಲೆ ಇಡೀ ಕಾಲಂ ಬದಲಿಸಬೇಕೆಂಬ ಮಾತು ಕೇಳಿ ಗಾಬರಿಯಾದವರೇ ಹೆಚ್ಚಾಗಿ ಬರೆದಿದ್ದಾರೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿ ಇದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಒಂಬತ್ತು ವರ್ಷ ಹಳೆಯ ಜರ್ಮನ್ ಕಾರೊಂದನ್ನು ಕಳೆದ ವರ್ಷ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ. ಎರಡು ತಿಂಗಳಿಂದ ಸ್ಟೀರಿಂಗ್ ಹಿಂದೆ ಮುಂದೆ ಸರಿಯುತ್ತದೆ, ಆದರೆ ಮೇಲೆ ಕೆಳಗೆ ಬಾಗುವುದಿಲ್ಲ. ಗ್ಯಾರೇಜಿನವರು ಸ್ಕ್ಯಾನರ್ ಹಾಕಿ, ಮೋಟಾರು ಕೆಟ್ಟಿದೆ, ಅದು ಬಿಡಿಯಾಗಿ ಸಿಗುವುದಿಲ್ಲ, ಕಾಲಂ ಪೂರ್ತಿ ಬದಲಿಸಬೇಕು ಎಂದು ಹೇಳಿದ್ದಾರೆ. ಅವರು ಹೇಳಿದ ಮೊತ್ತ ನನ್ನ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚು. ಮೋಟಾರೇ ಕೆಟ್ಟಿದೆಯೆಂದು ಖಚಿತಪಡಿಸಿಕೊಳ್ಳುವ ದಾರಿ ಇದೆಯೇ? (ಮಲ್ಲೇಶ್ವರದ ಓದುಗರು)

ಉತ್ತರ: ಇದೆ. ಅದನ್ನು ಮಾಡಿ ಮುಗಿಸುವವರೆಗೆ ಕಾಲಂ ಬದಲಿಸಲು ದಯವಿಟ್ಟು ಒಪ್ಪಬೇಡಿ.

ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಕಾಲಂ ಹಿಂದೆ ಮುಂದೆ ಸರಿಯುತ್ತಿದೆಯೆಂದರೆ ಫ್ಯೂಸ್ ಸರಿಯಾಗಿದೆ, ಮೋಟಾರುಗಳನ್ನು ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯಾದ ನಿಯಂತ್ರಣ ಮಾಡ್ಯೂಲ್‌ಗೆ ಕರೆಂಟ್ ಬರುತ್ತಿದೆ, ಅದರ ಅರ್ಥಿಂಗ್ ಕೂಡ ಕೆಲಸ ಮಾಡುತ್ತಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಏಕೆಂದರೆ ಸಾಮಾನ್ಯವಾಗಿ ಎರಡೂ ಮೋಟಾರುಗಳಿಗೆ ಇವು ಒಂದೇ ಕಡೆಯಿಂದ ಬರುತ್ತವೆ. ಹಾಗಾಗಿ ದೋಷ ಅಡಗಿರುವ ಜಾಗ ಬಹಳ ಕಿರಿದಾಯಿತು. ಸ್ವಿಚ್ಚಿನ ಮೇಲೆ ಕೆಳಗಿನ ಸಂಪರ್ಕ, ಆ ಮೋಟಾರಿಗೆ ಮಾಡ್ಯೂಲ್ ಕೊಡುವ ಔಟ್‌ಪುಟ್, ನಡುವಿನ ವೈರು ಮತ್ತು ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್), ಮೋಟಾರು, ಕಾಲಂ ಎಲ್ಲಿದೆಯೆಂದು ಹೇಳುವ ಸೆನ್ಸರ್ ಇವಿಷ್ಟರಲ್ಲಿ ಒಂದು ಕೆಟ್ಟಿರಬೇಕು. ಅಥವಾ ವಿದ್ಯುತ್ತಿಗೆ ಸಂಬಂಧವೇ ಇಲ್ಲದೆ ಕಾಲಂನ ಸ್ಕ್ರೂ ಬಿಗಿದು ಕೂತಿರಬೇಕು.

ಒಳಗೆ ನಡೆಯುವುದೇನೆಂದು ತಿಳಿದರೆ ಪರೀಕ್ಷೆಯ ಅರ್ಥ ತಾನಾಗಿ ಹೊಳೆಯುತ್ತದೆ. ನೀವು ಗುಂಡಿಯನ್ನು ಮೇಲಕ್ಕೆ ಒತ್ತಿದಾಗ ಮೋಟಾರಿಗೆ ನೇರವಾಗಿ ಕರೆಂಟ್ ಹೋಗುವುದಿಲ್ಲ. ಗುಂಡಿ ಮಾಡ್ಯೂಲ್‌ಗೆ ಒಂದು ಸಂಕೇತ ಕಳಿಸುತ್ತದೆ, ಮಾಡ್ಯೂಲ್ ಮೋಟಾರಿನ ಎರಡು ವೈರುಗಳಲ್ಲಿ ಒಂದಕ್ಕೆ ಪ್ಲಸ್, ಇನ್ನೊಂದಕ್ಕೆ ಮೈನಸ್ ಕೊಡುತ್ತದೆ. ಕೆಳಕ್ಕೆ ಒತ್ತಿದರೆ ಪ್ಲಸ್ ಮೈನಸ್ ಅದಲು ಬದಲಾಗಿ ಮೋಟಾರು ತಿರುಗುಮುರುಗಾಗಿ ಸುತ್ತುತ್ತದೆ. ಮೋಟಾರು ಒಂದು ಉದ್ದ ಸ್ಕ್ರೂವನ್ನು ತಿರುಗಿಸುತ್ತದೆ, ಸ್ಕ್ರೂ ಮೇಲಿನ ನಟ್ ಸರಿದಂತೆ ಕಾಲಂ ಬಾಗುತ್ತದೆ. ಅಷ್ಟು ಹೊತ್ತೂ ಸೆನ್ಸರ್ ಮಾಡ್ಯೂಲ್‌ಗೆ ಸುದ್ದಿ ಕೊಡುತ್ತಿರುತ್ತದೆ. ಆ ಸುದ್ದಿ ನಿಂತರೆ, ಮೋಟಾರು ಎಲ್ಲೋ ಸಿಕ್ಕಿಕೊಂಡಿದೆ ಎಂದು ತಿಳಿದು ಮಾಡ್ಯೂಲ್ ಕರೆಂಟ್ ಕಡಿದುಬಿಡುತ್ತದೆ. ಹೀಗಾಗಿ ಸೆನ್ಸರ್ ಸತ್ತಾಗಲೂ ಮೋಟಾರೇ ಸತ್ತಂತೆ ಕಾಣುತ್ತದೆ.

ಮೊದಲ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ರಾತ್ರಿ, ಬೇಸ್‌ಮೆಂಟಿನಲ್ಲಿ ಸದ್ದಿಲ್ಲದಿರುವಾಗ, ಎಂಜಿನ್ ಆಫ್ ಇಟ್ಟು, ಇಗ್ನಿಷನ್ ಮಾತ್ರ ಆನ್ ಮಾಡಿ, ಎಸಿ ಗಾಳಿಯನ್ನೂ ನಿಲ್ಲಿಸಿ, ಇನ್ನೊಬ್ಬರಿಂದ ಗುಂಡಿ ಒತ್ತಿಸುತ್ತಾ ಕಾಲಂ ಬದಿಯಿಂದ ಕಿವಿಗೊಟ್ಟು ಕೇಳಿ. ಮೋಟಾರು ಗುಯ್‌ಗುಟ್ಟಿಯೂ ಕಾಲಂ ಕದಲದಿದ್ದರೆ ಗೇರಿನ ಹಲ್ಲು ಸವೆದಿದೆ ಅಥವಾ ಮೋಟಾರನ್ನೂ ಸ್ಕ್ರೂವನ್ನೂ ಸೇರಿಸುವ ತುಂಡು ಮುರಿದಿದೆ. ಅಲ್ಲಿಗೆ ವಿದ್ಯುತ್ತಿನ ತನಿಖೆ ಮುಗಿಯಿತು. ಕಾಲಂ ಒಂದು ಕೂದಲೆಳೆಯಷ್ಟು ಅಲುಗಿ ನಿಂತುಬಿಟ್ಟರೆ ಸೆನ್ಸರ್ ಅಥವಾ ಬಿಗಿದ ಸ್ಕ್ರೂ ಮೇಲೆ ಗುಮಾನಿ ಪಡಬೇಕು. ಟಿಕ್ ಎಂದು ಮಾಡ್ಯೂಲಿನ ರಿಲೇ (ಮೋಟಾರಿಗೆ ಕರೆಂಟ್ ಹರಿಸುವ ವಿದ್ಯುತ್ ಸ್ವಿಚ್) ಬಡಿದು ಬೇರೇನೂ ಆಗದಿದ್ದರೆ, ಗುಂಡಿಯ ಮಾತು ಮಾಡ್ಯೂಲ್‌ಗೆ ತಲುಪಿದೆ, ದೋಷ ಅದರಾಚೆ ಇದೆ ಎಂದರ್ಥ. ಏನೂ ಕೇಳಿಸದಿದ್ದರೆ ಮಾತ್ರ ತೀರ್ಮಾನಕ್ಕೆ ಬರಬೇಡಿ. ರಿಲೇ ಬದಲು ಟ್ರಾನ್ಸಿಸ್ಟರ್ ಬಳಸುವ ಮಾಡ್ಯೂಲ್‌ಗಳು ಟಿಕ್ ಎನ್ನುವುದೇ ಇಲ್ಲ.

ಇನ್ನು, ಕಾರಿನ ಮಾಡ್ಯೂಲ್‌ಗಳಲ್ಲಿ ದಾಖಲಾದ ದೋಷದ ಕೋಡ್ ಓದುವ ಸ್ಕ್ಯಾನರಿನ ವಿಷಯ. ನಿಮ್ಮ ಗ್ಯಾರೇಜಿನವರು ಓದಿದ ಸಂದೇಶ ಬಹುಶಃ ಮೋಟಾರಿನ ಸರ್ಕ್ಯೂಟ್‌ನಲ್ಲಿ ದೋಷ ಎಂದಿತ್ತು. ಸರ್ಕ್ಯೂಟ್ ಎಂಬ ಆ ಪದವನ್ನು ಬಿಟ್ಟು ಓದುವುದರಿಂದಲೇ ಜನರ ಹಣ ಹೆಚ್ಚು ಪೋಲಾಗುವುದು ಎಂದು ನಾನು ಬಹಳ ವರ್ಷಗಳಿಂದ ಹೇಳುತ್ತಾ ಬಂದಿದ್ದೇನೆ. ಸರ್ಕ್ಯೂಟ್ ಎಂದರೆ ಮಾಡ್ಯೂಲಿನ ಪಿನ್ನಿನಿಂದ ಹೊರಟು, ವೈರು, ಕಪ್ಲರ್, ಮೋಟಾರಿನ ಸುರುಳಿ ಎಲ್ಲವನ್ನೂ ಹಾದು ಮರಳುವ ಇಡೀ ದಾರಿ. ಆ ದಾರಿಯಲ್ಲಿ ಎಲ್ಲೇ ಕಡಿದಿದ್ದರೂ ಅದೇ ಸಂದೇಶ ಬರುತ್ತದೆ. ಕೋಡ್ ಬೀದಿಯ ಹೆಸರು ಹೇಳುತ್ತದೆ, ಮನೆಯ ನಂಬರ್ ಹೇಳುವುದಿಲ್ಲ. ಮನೆ ಹುಡುಕಲು ಅದೇ ಸ್ಕ್ಯಾನರಿನಲ್ಲಿ ಇನ್ನೆರಡು ಕೆಲಸ ಮಾಡಿಸಿ. ಒಂದು, ಗುಂಡಿ ಒತ್ತುತ್ತಾ ಲೈವ್ ಡೇಟಾದಲ್ಲಿ ಸ್ವಿಚ್ಚಿನ ಸ್ಥಿತಿ ಬದಲಾಗುತ್ತದೆಯೇ ನೋಡುವುದು. ಇನ್ನೊಂದು, ಸ್ವಿಚ್ಚನ್ನು ಮುಟ್ಟದೆ ಸ್ಕ್ಯಾನರಿನಿಂದಲೇ ಮೋಟಾರಿಗೆ ಆಜ್ಞೆ ಕೊಡುವುದು. ಸ್ಕ್ಯಾನರಿನ ಆಜ್ಞೆಗೆ ಕಾಲಂ ಬಾಗಿದರೆ ಮೋಟಾರು, ವೈರು, ಸೆನ್ಸರ್ ಎಲ್ಲವೂ ಸರಿ. ಕೆಟ್ಟಿರುವುದು ಸ್ವಿಚ್ ಅಥವಾ ಅದರ ವೈರು. ಎಂಜಿನ್ ಕೋಡ್ ಮಾತ್ರ ಓದುವ ಅಗ್ಗದ ಸಾಧನದಿಂದ ಈ ಕೆಲಸ ಆಗುವುದಿಲ್ಲ. ಬಿ ಅಕ್ಷರದಿಂದ ಶುರುವಾಗುವ ಬಾಡಿ ಕೋಡ್‌ಗಳನ್ನೂ, ಯು ಅಕ್ಷರದಿಂದ ಶುರುವಾಗುವ ಸಂವಹನ ಕೋಡ್‌ಗಳನ್ನೂ ಓದಬಲ್ಲ, ನಿಮ್ಮ ಕಾರಿನ ಎಲ್ಲ ಮಾಡ್ಯೂಲ್‌ಗಳ ಜೊತೆ ಮಾತಾಡಬಲ್ಲ ಸ್ಕ್ಯಾನರ್ ಬೇಕು.

ಕೊನೆಯ ತೀರ್ಪು ಮಲ್ಟಿಮೀಟರಿನದು. ಈ ಅಂಕಣದ ಕೊನೆಯ ಉತ್ತರದಲ್ಲಿ ಹೇಳಿರುವ ಏರ್‌ಬ್ಯಾಗ್ ಎಚ್ಚರಿಕೆಗಳನ್ನು ಪಾಲಿಸಿ ಕಾಲಂ ಅಡಿಯ ಕವಚ ತೆಗೆದು, ಮೋಟಾರಿನ ಕಪ್ಲರನ್ನು ಬಿಚ್ಚದೆ, ಅದರ ಹಿಂಬದಿಯಿಂದ ತೆಳು ಪಿನ್ ತೂರಿಸಿ, ಎರಡು ವೈರುಗಳ ನಡುವೆ ಅಳೆಯಬೇಕು. ಒಂದು ವೈರು ಮತ್ತು ಬಾಡಿ ನಡುವೆ ಅಳೆದರೆ ಅರ್ಧ ಸತ್ಯ ಮಾತ್ರ ಗೊತ್ತಾಗುತ್ತದೆ. ಮೇಲಕ್ಕೆ ಒತ್ತಿದಾಗ 12 ವೋಲ್ಟಿನ ಆಸುಪಾಸು, ಕೆಳಕ್ಕೆ ಒತ್ತಿದಾಗ ಅದೇ ಅಂಕಿ ಮೈನಸ್ ಚಿಹ್ನೆಯ ಜೊತೆ ಬಂದರೆ ಮಾಡ್ಯೂಲ್ ತನ್ನ ಕೆಲಸ ಮಾಡಿದೆ. ಸ್ಕ್ರೂ ಬಿಗಿದು ಕೂತಿಲ್ಲದೆ, ಅಷ್ಟಾದರೂ ಮೋಟಾರು ತಿರುಗದಿದ್ದರೆ, ಆಗ ಮಾತ್ರ, ಮೋಟಾರಿನ ಮೇಲೆ ತಪ್ಪು ಹೊರಿಸಿ. ಗುಂಡಿ ಒತ್ತಿ ಹಿಡಿದಿರುವಾಗಲೇ ಸ್ಕ್ರೂಡ್ರೈವರಿನ ಹಿಡಿಯಿಂದ ಮೋಟಾರಿನ ಮೈಯನ್ನು ಮೆಲ್ಲಗೆ ತಟ್ಟಿಸಿ ನೋಡಿ. ತಟ್ಟಿದ ತಕ್ಷಣ ಎಚ್ಚೆತ್ತು ತಿರುಗಿದರೆ ಒಳಗಿನ ಕಾರ್ಬನ್ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು) ಸವೆದಿದೆ. ತಟ್ಟಿದರೂ ಎಚ್ಚರವಾಗದಿದ್ದರೆ, ಬ್ಯಾಟರಿ ಬಿಚ್ಚಿ, ಕಪ್ಲರ್ ತೆಗೆದು, ಮೋಟಾರಿನ ರೆಸಿಸ್ಟೆನ್ಸ್ ಅಳೆಯಿರಿ. ಇಂಥ ಮೋಟಾರಿನಲ್ಲಿ ಕೆಲವೇ ಓಮ್ ಇರುತ್ತದೆ. ಮೀಟರ್ ಅಂಕಿಯ ಬದಲು OL (ಅಳತೆ ಮೀರಿದೆ) ಎಂದು ತೋರಿಸಿದರೆ ಒಳಗೆ ಕಡಿದಿದೆ.

ಮೋಟಾರೇ ಹೋಗಿದೆ ಎಂದು ಸಾಬೀತಾದರೂ ಇಡೀ ಕಾಲಂ ಬೇಕಾಗುತ್ತದೆಂದು ಭಾವಿಸಬೇಡಿ. ಕಂಪನಿ ಬಿಡಿಯಾಗಿ ಮಾರದಿದ್ದರೂ ಎಷ್ಟೋ ಕಾಲಂಗಳಲ್ಲಿ ಮೋಟಾರು ಎರಡು ಮೂರು ಸ್ಕ್ರೂಗಳಿಂದ ಕೂತಿರುತ್ತದೆ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿ ಸಾಲಿನಲ್ಲಿ, ಹಳೆಯ ಮೋಟಾರಿನ ಮೇಲೆ ಮುದ್ರಿಸಿದ ನಂಬರ್ ತೋರಿಸಿ ವಿಚಾರಿಸಿ. ಗುಜರಿಯಿಂದ ಮೋಟಾರು ತರಬಹುದು, ಆದರೆ ಕಾಲಂ ತರುವುದಾದರೆ ಏರ್‌ಬ್ಯಾಗ್ ಬಿಚ್ಚಿಕೊಂಡ ಅಪಘಾತದ ಕಾರಿನದನ್ನು ಯಾವ ಬೆಲೆಗೂ ತರಬೇಡಿ. ಡಿಕ್ಕಿಯಲ್ಲಿ ಚಾಲಕನ ಎದೆಗೆ ಬೀಳುವ ಹೊಡೆತವನ್ನು ತಾನು ನುಂಗಿಕೊಂಡು ಕುಗ್ಗುವಂತೆ ಕಾಲಂ ರಚಿಸಿರುತ್ತಾರೆ. ಒಮ್ಮೆ ಕುಗ್ಗಿದ್ದು ಎರಡನೆಯ ಸಲ ಕಾಪಾಡುವುದಿಲ್ಲ.

ಪ್ರಶ್ನೆ: ಮನೆಯ ಮುಂದೆ ಹೊಂಗೆ ಮರದ ಕೆಳಗೆ ಕಾರು ನಿಲ್ಲಿಸುತ್ತೇನೆ. ಕಾರಿಗೆ ಸನ್‌ರೂಫ್ ಇದೆ. ಏಪ್ರಿಲ್‌ನಲ್ಲಿ ಎರಡು ದೊಡ್ಡ ಮಳೆ ಬಂದ ಮೇಲೆ ಸ್ಟೀರಿಂಗ್ ಕಾಲಂ ಯಾವ ದಿಕ್ಕಿಗೂ ಕದಲಲಿಲ್ಲ. ಮೂರು ದಿನ ಬಿಸಿಲು ಬಿದ್ದ ಮೇಲೆ ತಾನಾಗಿ ಸರಿಯಾಯಿತು, ಮುಂದಿನ ಮಳೆಗೆ ಮತ್ತೆ ನಿಂತಿತು. ಎಲೆಕ್ಟ್ರಿಷಿಯನ್ ಮೀಟರ್ ಇಟ್ಟು 12.4 ವೋಲ್ಟ್ ಬರುತ್ತಿದೆ, ವೈರಿಂಗ್ ಸರಿಯಿದೆ, ಮಾಡ್ಯೂಲ್ ಹೋಗಿದೆ ಎಂದರು. (ರಾಜರಾಜೇಶ್ವರಿ ನಗರದ ಓದುಗರು)

ಉತ್ತರ: ಮಳೆಗೆ ನಿಂತು ಬಿಸಿಲಿಗೆ ಸರಿಯಾಗುವ ದೋಷದ ಹಿಂದೆ ಮೊದಲು ಹುಡುಕಬೇಕಾದುದು ನೀರು ಬಂದ ದಾರಿಯನ್ನು. ಮಾಡ್ಯೂಲ್ ಬದಲಿಸಿದರೂ ನೀರು ಬರುತ್ತಲೇ ಇರುತ್ತದೆ.

ಮೊದಲು ಆ 12.4 ವೋಲ್ಟಿನ ಮಾತು. ಆ ಅಂಕಿ ಸುಳ್ಳಲ್ಲ, ಆದರೆ ಅದನ್ನು ಅಳೆದದ್ದು ಕಪ್ಲರ್ ಬಿಚ್ಚಿ, ಏನೂ ಓಡದಿರುವಾಗ ಎಂದು ನಿಮ್ಮ ಪತ್ರದ ವಿವರದಿಂದ ತೋರುತ್ತದೆ. ನಲ್ಲಿ ಮುಚ್ಚಿರುವಾಗ ಕಸ ಕಟ್ಟಿದ ಪೈಪಿನ ತುದಿಯಲ್ಲೂ ನೀರಿನ ಒತ್ತಡ ಪೂರ್ತಿ ಇರುತ್ತದೆ. ನಲ್ಲಿ ತಿರುಗಿಸಿದಾಗ ಮಾತ್ರ ಸಣ್ಣ ಧಾರೆ ಕಾಣುತ್ತದೆ. ಡಿಜಿಟಲ್ ಮಲ್ಟಿಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕೇ ಸಿಗದಷ್ಟು ಕಡಿಮೆ, ಆದ್ದರಿಂದ ಹತ್ತಾರು ಎಳೆಗಳಲ್ಲಿ ಒಂದೇ ಎಳೆ ಉಳಿದಿರುವ ವೈರಿನಲ್ಲೂ ಅದು ಪೂರ್ತಿ ವೋಲ್ಟ್ ತೋರಿಸುತ್ತದೆ. ಲೆಕ್ಕ ಹಾಕಿ ನೋಡೋಣ. 12 ವೋಲ್ಟಿಗೆ 4 ಆಂಪಿಯರ್ ಎಳೆಯುವ ಮೋಟಾರು ಎಂದಿಟ್ಟುಕೊಳ್ಳಿ, ಲೆಕ್ಕ ಸರಳವಾಗಿರಲೆಂದು ಅದನ್ನು 3 ಓಮ್ ರೆಸಿಸ್ಟೆನ್ಸ್ ಎಂದೇ ಹಿಡಿಯೋಣ. ಅರ್ಥಿಂಗ್ ಬೋಲ್ಟಿನಲ್ಲಿ ಕಿಲುಬು ಹಿಡಿದು 2 ಓಮ್ ಸೇರಿಕೊಂಡರೆ ಒಟ್ಟು 5 ಓಮ್ ಆಯಿತು, ಕರೆಂಟ್ 2.4 ಆಂಪಿಯರಿಗೆ ಇಳಿಯಿತು; ಮೋಟಾರಿಗೆ ಸಿಕ್ಕಿದ್ದು 7.2 ವೋಲ್ಟ್ ಮಾತ್ರ, ಉಳಿದ 4.8 ವೋಲ್ಟ್ ಕಿಲುಬಿನಲ್ಲೇ ಬಿಸಿಯಾಗಿ ಕಳೆದುಹೋಯಿತು. ಮಾಡ್ಯೂಲಿನ ಅರ್ಥಿಂಗ್ ಕೂಡ ಅದೇ ಬೋಲ್ಟಿನಲ್ಲಿದ್ದರೆ ಅದು ಸಹ ವೋಲ್ಟ್ ಸಾಲದೆ ಕೈಚೆಲ್ಲುತ್ತದೆ.

ಆದ್ದರಿಂದ ಅಳೆಯಬೇಕಾದ ಕ್ರಮ ಬೇರೆ. ಎಲ್ಲ ಕಪ್ಲರ್‌ಗಳೂ ಜೋಡಿಸಿಯೇ ಇರಲಿ. ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದನ್ನು ಮಾಡ್ಯೂಲಿನ ಅರ್ಥಿಂಗ್ ಪಿನ್ನಿಗೆ ಇಟ್ಟು ಗುಂಡಿ ಒತ್ತಿಸಿ. ಒಳ್ಳೆಯ ಅರ್ಥಿಂಗ್ ಆದರೆ 0.1 ಅಥವಾ 0.2 ವೋಲ್ಟಿಗಿಂತ ಹೆಚ್ಚು ಬರಬಾರದು. ಅದೇ ರೀತಿ ಬ್ಯಾಟರಿಯ ಪ್ಲಸ್ ಕಂಬದಿಂದ ಮಾಡ್ಯೂಲಿನ ಪ್ಲಸ್ ಪಿನ್ನಿನವರೆಗೂ ಅಳೆಯಿರಿ. ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಫ್ಯೂಸಿನ ಕಾಲು, ಫ್ಯೂಸ್ ಕೂರುವ ಜಾಗ, ನಡುವಿನ ಕಪ್ಲರ್ ಒಂದೊಂದನ್ನೂ ದಾಟಿ ಅಳೆಯುತ್ತಾ ಹೋದರೆ ವೋಲ್ಟ್ ಎಲ್ಲಿ ಕಳೆದುಹೋಗುತ್ತಿದೆಯೆಂದು ಗೊತ್ತಾಗುತ್ತದೆ.

ನಾನು ಕಂಡ ಒಂದು ಕಾರಿನ ಕಥೆ ನಿಮ್ಮ ಕಥೆಯಂತೆಯೇ ಇತ್ತು. ಚಾಲಕನ ಕಾಲಿನ ಪಕ್ಕದ ಪ್ಲಾಸ್ಟಿಕ್ ಹಲಗೆ ತೆಗೆದು ಟಾರ್ಚ್ ಬಿಟ್ಟಾಗ, ಐದಾರು ಕಂದು ಬಣ್ಣದ ವೈರುಗಳು ಒಂದೇ ಬೋಲ್ಟಿಗೆ ಬಂದು ಸೇರಿದ್ದವು. ವೈರಿನ ತುದಿಗಳ ಬಳೆಯಂಥ ಕಣ್ಣುಗಳಲ್ಲಿ ಮೇಲಿನವು ಹೊಳೆಯುತ್ತಿದ್ದವು, ಎಲ್ಲವೂ ಸರಿಯಿದೆ ಎನಿಸಿತು. ನಟ್ ಬಿಚ್ಚಿ ಒಂದೊಂದನ್ನೇ ಎತ್ತಿದರೆ ತಳದ ಕಣ್ಣಿನ ಅಡಿಯಲ್ಲಿ, ಬಾಡಿಯ ಬಣ್ಣಕ್ಕೂ ತಾಮ್ರಕ್ಕೂ ನಡುವೆ, ಹಿತ್ತಾಳೆ ಚೊಂಬಿನ ತಳದಲ್ಲಿ ಕಾಣುವಂಥ ಹಸಿರು ಕಿಲುಬು ದಪ್ಪನಾಗಿ ಕಟ್ಟಿತ್ತು. ಗುಂಡಿ ಒತ್ತಿದಾಗ ಅಲ್ಲಿ 5 ವೋಲ್ಟಿಗಿಂತ ಹೆಚ್ಚು ಕಳೆದುಹೋಗುತ್ತಿತ್ತು. ಮರಳು ಕಾಗದದಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆವು. ಅದಕ್ಕೂ ಮೊದಲು ಅದೇ ಕಾರಿಗೆ ಬೇರೆ ಕಡೆ ಒಂದು ಹೊಸ ಮಾಡ್ಯೂಲ್ ಹಾಕಿಸಲಾಗಿತ್ತು ಎಂಬುದು ನನಗೆ ಇಂದಿಗೂ ಬೇಸರದ ಸಂಗತಿ.

ಇನ್ನು ನೀರಿನ ದಾರಿ. ಸನ್‌ರೂಫ್ ನೀರನ್ನು ಪೂರ್ತಿ ತಡೆಯುವುದಿಲ್ಲ. ಒಳಗೆ ಇಳಿದ ನೀರು ಸುತ್ತಲಿನ ಕಾಲುವೆಗೆ ಬಿದ್ದು, ಮೂಲೆಗಳ ಸಣ್ಣ ಕೊಳವೆಗಳ ಮೂಲಕ ಮುಂಗಾಜಿನ ಪಕ್ಕದ ಕಂಬದೊಳಗೆ ಇಳಿದು ಹೊರಹೋಗುತ್ತದೆ. ಹೊಂಗೆ ಹೂ ಉದುರುವ ಕಾಲವೂ ನಮ್ಮ ಊರಿನ ಮೊದಲ ಮಳೆಯೂ ಹೆಚ್ಚುಕಡಿಮೆ ಒಟ್ಟೊಟ್ಟಿಗೆ ಬರುತ್ತವೆ. ಆ ಪುಟ್ಟ ಹೂಗಳು ಕಾಲುವೆಯಲ್ಲಿ ಕೊಳೆತು, ಧೂಳಿನ ಜೊತೆ ಸೇರಿ ಕೊಳವೆಯ ಬಾಯಿಯನ್ನು ಮುಚ್ಚಿದರೆ, ತುಂಬಿದ ನೀರು ಒಳಗೇ ಇಳಿದು ಚಾಲಕನ ಕಾಲಬುಡದ ವೈರಿಂಗ್ ಮೇಲೆ ನಿಲ್ಲುತ್ತದೆ. ಸನ್‌ರೂಫ್ ತೆರೆದು ಮುಂದಿನ ಮೂಲೆಗೆ ಒಂದು ಲೋಟ ನೀರನ್ನು ನಿಧಾನವಾಗಿ ಸುರಿಯಿರಿ. ಕಾರಿನ ಅಡಿಯಲ್ಲಿ, ಮುಂದಿನ ಚಕ್ರದ ಹತ್ತಿರ, ತೊಟ್ಟಿಕ್ಕಬೇಕು. ತೊಟ್ಟಿಕ್ಕದಿದ್ದರೆ ಮೃದುವಾದ ನೈಲಾನ್ ಎಳೆ ತೂರಿಸಿ ಸ್ವಚ್ಛ ಮಾಡಿಸಿ. ಕಂಪ್ರೆಸರಿನ ಗಾಳಿ ಜೋರಾಗಿ ಹೊಡೆಸಬೇಡಿ, ಕೊಳವೆ ಒಳಗೇ ಕಳಚಿಕೊಂಡರೆ ಮೇಲ್ಛಾವಣಿಯ ಬಟ್ಟೆಯನ್ನೇ ಇಳಿಸಬೇಕಾದೀತು. ಕಾರ್ಪೆಟ್ ಕೆಳಗಿನ ಸ್ಪಂಜನ್ನು ಹೊರತೆಗೆದು ಒಣಗಿಸಿ. ಮೇಲೆ ಒಣಗಿದಂತೆ ಕಂಡರೂ ಅದು ವಾರಗಟ್ಟಲೆ ನೀರು ಹಿಡಿದಿರುತ್ತದೆ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲಿರುವ ಇತರ ಓದುಗರಿಗೂ ಇದೇ ಮಾತು. 2022ರ ಸೆಪ್ಟೆಂಬರಿನ ಮಳೆಗೆ ಯಮಲೂರು, ಬೆಳ್ಳಂದೂರು, ಹೊರವರ್ತುಲ ರಸ್ತೆಯ ಕಡೆ ಕಾರುಗಳು ನೀರಿನಲ್ಲಿ ನಿಂತದ್ದನ್ನು ನಾವೆಲ್ಲ ನೋಡಿದ್ದೇವೆ. ಕೊಳ್ಳುವ ಮುನ್ನ ಸೀಟಿನ ಕೆಳಗಿನ ಕಪ್ಲರ್‌ಗಳಲ್ಲಿ ಕಿಲುಬಿದೆಯೇ, ಸೀಟಿನ ಬೋಲ್ಟುಗಳ ತಲೆಯಲ್ಲಿ ತುಕ್ಕಿದೆಯೇ ನೋಡಿಕೊಳ್ಳಿ.

ಪ್ರಶ್ನೆ: ಕಾರು ಆಫ್ ಮಾಡಿದಾಗ ಸ್ಟೀರಿಂಗ್ ತಾನಾಗಿ ಮೇಲೆ ಹೋಗಿ ಇಳಿಯಲು ಜಾಗ ಬಿಡುತ್ತದೆ. ಹೊಸ ಬ್ಯಾಟರಿ ಹಾಕಿಸಿದ ಮೇಲೆ ಮರಳಿ ತನ್ನ ಜಾಗಕ್ಕೆ ಬರುತ್ತಿಲ್ಲ, ಗುಂಡಿ ಒತ್ತಿಯೇ ತರಬೇಕು. (ಜಯನಗರದ ಓದುಗರು)

ಉತ್ತರ: ಗುಂಡಿಗೆ ಎಲ್ಲ ದಿಕ್ಕಿಗೂ ಸ್ಪಂದಿಸುತ್ತಿದೆಯೆಂದರೆ ಮೋಟಾರು, ವೈರು, ಸ್ವಿಚ್ ಯಾವುದೂ ಕೆಟ್ಟಿಲ್ಲ. ಬ್ಯಾಟರಿ ಬಿಚ್ಚಿದಾಗ ಮಾಡ್ಯೂಲ್ ತನ್ನ ನೆನಪನ್ನು ಕಳೆದುಕೊಂಡಿದೆ. ಕೆಲವು ಕಾಲಂಗಳಲ್ಲಿ ಸೆನ್ಸರ್ ಮೋಟಾರು ಎಷ್ಟು ಸುತ್ತು ಸುತ್ತಿತೆಂದು ಎಣಿಸುತ್ತದೆಯೇ ಹೊರತು ಕಾಲಂ ಎಲ್ಲಿದೆಯೆಂದು ನೇರವಾಗಿ ಹೇಳುವುದಿಲ್ಲ. ಎಣಿಕೆ ಅಳಿಸಿಹೋದರೆ ಮನೆಯ ದಾರಿಯೇ ಮರೆತಂತೆ. ಮೊದಲು ಕಾರಿನ ಸೆಟ್ಟಿಂಗ್ಸ್‌ನಲ್ಲಿ ಈ ಸೌಲಭ್ಯ ಆನ್ ಇದೆಯೇ ನೋಡಿ. ಆಮೇಲೆ ಎಂಜಿನ್ ಚಾಲೂ ಇಟ್ಟು ಕಾಲಂ ಅನ್ನು ನಾಲ್ಕೂ ದಿಕ್ಕಿನ ಕೊನೆಗೆ ಒಯ್ದು, ಅಲ್ಲಿ ಕೆಲವು ಸೆಕೆಂಡ್ ಗುಂಡಿಯನ್ನು ಒತ್ತಿ ಹಿಡಿಯಿರಿ. ಎಷ್ಟೋ ಕಾರುಗಳು ಇಷ್ಟಕ್ಕೇ ಗಡಿಗಳನ್ನು ಮತ್ತೆ ಕಲಿತುಕೊಳ್ಳುತ್ತವೆ. ಕೆಲವಕ್ಕೆ ಸ್ಕ್ಯಾನರಿನಿಂದ ಕಲಿಸಬೇಕು. ಕೊನೆಗೆ ನಿಮ್ಮ ಸೀಟಿನ ಮೆಮೊರಿ ಗುಂಡಿಯಲ್ಲಿ ಹೊಸದಾಗಿ ಸ್ಥಾನ ಉಳಿಸಿ.

ಬ್ಯಾಟರಿಯ ಆರೋಗ್ಯವನ್ನೂ ಗಮನಿಸಿ. ಜಯನಗರದಿಂದ ನಾಲ್ಕು ಕಿಲೋಮೀಟರ್ ಹೋಗಿ ಬರಲು ಟ್ರಾಫಿಕ್‌ನಲ್ಲಿ ಒಂದು ಗಂಟೆ, ಅದೂ ಎಸಿ ಹಾಕಿಕೊಂಡು, ಎಂಜಿನ್ ಐಡ್ಲಿಂಗ್‌ನಲ್ಲೇ ಇರುವಂಥ ಓಡಾಟದಲ್ಲಿ ಬ್ಯಾಟರಿ ಪೂರ್ತಿ ಚಾರ್ಜ್ ಆಗುವುದೇ ಕಷ್ಟ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಅಳೆದಾಗ 12.6 ವೋಲ್ಟ್ ಇದ್ದರೆ ಚೆನ್ನಾಗಿದೆ, 12.2 ಇದ್ದರೆ ಅರ್ಧವೇ ಉಳಿದಿದೆ. ವೋಲ್ಟ್ ಕುಸಿದಾಗ ಕಾರು ಮೊದಲು ಕೈಬಿಡುವುದು ಇಂಥ ಆರಾಮದ ಸೌಲಭ್ಯಗಳನ್ನೇ.

ಪ್ರಶ್ನೆ: ಮೇಲುಸೇತುವೆಯ ಮೇಲೆ ಹೋಗುತ್ತಿದ್ದಾಗ ಸ್ಟೀರಿಂಗ್ ತಾನೇ ಕೆಳಗೆ ಇಳಿದು ತೊಡೆಗೆ ತಾಗಿತು. ಅದರ ಹಿಂದಿನ ವಾರ ಕಾರಿನ ಒಳಗನ್ನು ನೊರೆ ಹಾಕಿ ತೊಳೆಸಿದ್ದೆ. ಈಗ ಮೇಲಕ್ಕೆ ಒತ್ತಿದರೆ ಕೆಲವು ಸಲ ಮುಂದಕ್ಕೆ ಬರುತ್ತದೆ. ಓಡಿಸಬಹುದೇ? (ವಿಜಯನಗರದ ಓದುಗರು)

ಉತ್ತರ: ಅಮ್ಮಾ, ದಯವಿಟ್ಟು ಹಾಗೆಯೇ ಓಡಿಸಬೇಡಿ. ಅಲುಗದ ಕಾಲಂ ಬರೀ ಅನನುಕೂಲ, ತಾನಾಗಿ ಅಲುಗುವ ಕಾಲಂ ಅಪಾಯ. ಕೈಪಿಡಿ ನೋಡಿ ಕಾಲಂ ಹೊಂದಿಸುವ ಮೋಟಾರಿನ ಫ್ಯೂಸ್ ಯಾವುದೆಂದು ಗುರುತಿಸಿ, ಅದೇ ಫ್ಯೂಸಿನಲ್ಲಿ ಸ್ಟೀರಿಂಗ್ ಲಾಕ್, ಪವರ್ ಸ್ಟೀರಿಂಗ್‌ನಂಥ ಬೇರೇನೂ ಇಲ್ಲವೆಂದು ಖಾತ್ರಿಯಾದ ಮೇಲೆ, ಕಾಲಂ ನಿಮಗೆ ಒಗ್ಗುವ ಎತ್ತರದಲ್ಲಿರುವಾಗ ಅದನ್ನು ಕಿತ್ತಿಡಿ. ಅಂಥ ಫ್ಯೂಸ್ ಬೇರೆಯಾಗಿ ಇಲ್ಲದಿದ್ದರೆ ಕಾರನ್ನು ಎತ್ತಿಸಿಕೊಂಡೇ ಗ್ಯಾರೇಜಿಗೆ ಕಳಿಸಿ.

ಮೇಲಕ್ಕೆ ಒತ್ತಿದರೆ ಮುಂದಕ್ಕೆ ಬರುತ್ತದೆ ಎಂಬ ನಿಮ್ಮ ಮಾತೇ ದೋಷವನ್ನು ಹಿಡಿದುಕೊಟ್ಟಿದೆ. ಇಂಥ ಅನೇಕ ಸ್ವಿಚ್ಚುಗಳಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ವೈರುಗಳಿರುವುದಿಲ್ಲ; ಒಂದೇ ವೈರಿನಲ್ಲಿ, ಒಂದೊಂದು ದಿಕ್ಕಿಗೆ ಒಂದೊಂದು ಅಳತೆಯ ರೆಸಿಸ್ಟರ್ ಇಟ್ಟು, ಅದರಿಂದ ಬದಲಾಗುವ ವೋಲ್ಟನ್ನು ಮಾಡ್ಯೂಲ್ ಓದುತ್ತದೆ. ಒಳಗೆ ತೇವವೋ ಸೋಪಿನ ಪದರವೋ ಸೇರಿ ಆ ಅಳತೆ ಏರುಪೇರಾದರೆ ಮಾಡ್ಯೂಲ್ ಒಂದು ದಿಕ್ಕನ್ನು ಇನ್ನೊಂದಾಗಿ ಓದುತ್ತದೆ, ಒಮ್ಮೊಮ್ಮೆ ಯಾರೂ ಒತ್ತದೆಯೂ ಒತ್ತಿದಂತೆ ಓದುತ್ತದೆ. ಸ್ವಿಚ್ ಬದಲಿಸಿ; ತೊಳೆದು ಒಣಗಿಸಿ ಮತ್ತೆ ಹಾಕುವುದನ್ನು ಈ ಭಾಗದ ಮಟ್ಟಿಗೆ ನಾನು ಒಪ್ಪುವುದಿಲ್ಲ.

ಪ್ರಶ್ನೆ: ನನ್ನ ಕಾರಿನಲ್ಲಿ ಲಿವರ್ ಇದೆ. ಮೋಟಾರು ಅಳವಡಿಸಿಕೊಳ್ಳಬಹುದೇ? (ಬಸವನಗುಡಿಯ ಓದುಗರು)

ಉತ್ತರ: ಬೇಡ. ಮೇಲೆ ಹೇಳಿದಂತೆ ಕಾಲಂ ಡಿಕ್ಕಿಯಲ್ಲಿ ಕುಗ್ಗುವ ರಕ್ಷಣಾ ಭಾಗ. ಅದಕ್ಕೆ ಹೊರಗಿನಿಂದ ಬ್ರಾಕೆಟ್, ಮೋಟಾರು ಬೆಸೆದರೆ ಅದು ಕುಗ್ಗುವ ರೀತಿಯೇ ಬದಲಾಗುತ್ತದೆ. ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಕೂಡ ನಿರ್ಬಂಧಿಸುತ್ತದೆ.

ಪ್ರಶ್ನೆ: ಐಟಿಐ ಮುಗಿಸಿ ಪೀಣ್ಯದ ಗ್ಯಾರೇಜಿನಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಒಂದು ಕಾರಿನಲ್ಲಿ ಕಾಲಂನ ಫ್ಯೂಸ್ ಪದೇ ಪದೇ ಸುಟ್ಟುಹೋಗುತ್ತಿದೆ, ಆದರೆ ಯಾವಾಗಲೂ ಅಲ್ಲ. ದೊಡ್ಡ ಫ್ಯೂಸ್ ಹಾಕಿ ನೋಡೋಣ ಎನ್ನುತ್ತಾರೆ. ಟೆಸ್ಟ್ ಲ್ಯಾಂಪ್‌ನಿಂದ ಹುಡುಕಬಹುದೇ? ಏರ್‌ಬ್ಯಾಗ್ ಹತ್ತಿರ ಕೈ ಹಾಕಲು ಭಯವಾಗುತ್ತದೆ, ಸರ್. (ಪೀಣ್ಯದ ಓದುಗರು)

ಉತ್ತರ: ನಿಮಗೆ ಭಯವಿರುವುದು ಒಳ್ಳೆಯದು, ಅದನ್ನು ಬಿಡಬೇಡಿ. ದೊಡ್ಡ ಫ್ಯೂಸ್ ಹಾಕಲು ಯಾರೇ ಹೇಳಿದರೂ ಒಪ್ಪಬೇಡಿ. ಫ್ಯೂಸ್ ಸುಡದಿದ್ದರೆ ವೈರು ಸುಡುತ್ತದೆ, ಡ್ಯಾಶ್‌ಬೋರ್ಡ್ ಒಳಗೆ ಹತ್ತಿದ ಬೆಂಕಿಯನ್ನು ಯಾರೂ ಸಮಯಕ್ಕೆ ಸರಿಯಾಗಿ ಆರಿಸಲಾರರು.

ಹಳದಿ ಕಪ್ಲರ್ ಮತ್ತು ಹಳದಿ ಹೊದಿಕೆಯ ವೈರುಗಳು ಸಾಮಾನ್ಯವಾಗಿ ಏರ್‌ಬ್ಯಾಗಿನವು. ಅವುಗಳಿಗೆ ಮೀಟರ್, ಲ್ಯಾಂಪ್ ಏನನ್ನೂ ತಾಗಿಸಬಾರದು, ಓಮ್ ಅಳತೆಯನ್ನಂತೂ ಮಾಡಲೇಬಾರದು. ಮೀಟರ್ ಕಳಿಸುವ ಸಣ್ಣ ಕರೆಂಟನ್ನೂ ನಂಬಿ ಕೂರುವ ಜಾಗ ಅದಲ್ಲ. ಕವಚ ಬಿಚ್ಚುವ, ಕಪ್ಲರ್ ಕೀಳುವ ಕೆಲಸವೇನಿದ್ದರೂ ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ಮೈನಸ್ ತೆಗೆದು, ಆ ಕಾರಿನ ಸರ್ವಿಸ್ ಕೈಪಿಡಿ ಹೇಳಿದಷ್ಟು ಹೊತ್ತು ಕಾಯ್ದ ನಂತರವೇ. ಏರ್‌ಬ್ಯಾಗ್ ಮಾಡ್ಯೂಲಿನ ಕೆಪಾಸಿಟರ್‌ನಲ್ಲಿ ಬ್ಯಾಟರಿ ತೆಗೆದ ಮೇಲೂ ಚಾರ್ಜ್ ಉಳಿದಿರುತ್ತದೆ. ಕೈಪಿಡಿ ಸಿಗದಿದ್ದರೆ 15 ನಿಮಿಷಕ್ಕೆ ಕಡಿಮೆ ಮಾಡಬೇಡಿ. ಕರೆಂಟ್ ಇಟ್ಟೇ ಅಳೆಯಬೇಕಾದಾಗ ಸ್ಟೀರಿಂಗ್ ಚಕ್ರದ ಎದುರಿಗೆ ಮುಖ ತರಬೇಡಿ, ಬದಿಯಿಂದ ಕೈ ಚಾಚಿ. ಚಕ್ರ ಬಿಚ್ಚಿದ್ದರೆ ಅದರ ಹಿಂದಿನ ಕ್ಲಾಕ್ ಸ್ಪ್ರಿಂಗನ್ನು (ತಿರುಗುವ ಚಕ್ರಕ್ಕೆ ಕರೆಂಟ್ ಒಯ್ಯುವ ಸುರುಳಿ ಪಟ್ಟಿ) ತಿರುಗಿಸಬೇಡಿ. ನಡುಮಧ್ಯ ತಪ್ಪಿದರೆ ಮೊದಲ ದೊಡ್ಡ ತಿರುವಿನಲ್ಲೇ ಅದರ ಪಟ್ಟಿ ಹರಿಯುತ್ತದೆ.

ಹಳೆಯ ಬಲ್ಬಿನ ಟೆಸ್ಟ್ ಲ್ಯಾಂಪನ್ನು ದಪ್ಪ ಪ್ಲಸ್ ವೈರು ಮತ್ತು ಅರ್ಥಿಂಗ್ ಪರೀಕ್ಷೆಗೆ ಬಳಸಿ. ಅದು ಸ್ವಲ್ಪ ಲೋಡ್ ಹಾಕುವುದರಿಂದ ಕಿಲುಬು ಹಿಡಿದ ದಾರಿಯಲ್ಲಿ ಮಂಕಾಗಿ ನಿಜ ಹೇಳುತ್ತದೆ. ಎಲ್ಇಡಿ ಲ್ಯಾಂಪ್ ಹಾಗೆ ಹೇಳುವುದಿಲ್ಲ. ಸೆನ್ಸರ್, ಸ್ವಿಚ್, ಡೇಟಾ ವೈರುಗಳಿಗೆ ಮಾತ್ರ ಬಲ್ಬಿನ ಲ್ಯಾಂಪ್ ಮುಟ್ಟಿಸಬೇಡಿ, ಅದು ಎಳೆಯುವ ಕರೆಂಟ್ ಮಾಡ್ಯೂಲನ್ನು ಕೆಡಿಸಬಹುದು. ಅಲ್ಲಿ ಮಲ್ಟಿಮೀಟರ್ ಒಂದೇ ಗತಿ. ಮೂರು ವೈರಿನ ಪೊಟೆನ್ಶಿಯೋಮೀಟರ್ ಸೆನ್ಸರ್ ಆಗಿದ್ದರೆ ಒಂದರಲ್ಲಿ 5 ವೋಲ್ಟ್, ಒಂದರಲ್ಲಿ ಅರ್ಥಿಂಗ್ ಇರುತ್ತದೆ. ಮೂರನೆಯದರಲ್ಲಿ ಕಾಲಂ ಸರಿದಂತೆ ವೋಲ್ಟ್ ನುಣ್ಣಗೆ ಏರಿಳಿಯಬೇಕು, ನಡುವೆ ಎಲ್ಲೂ ಎಗರಬಾರದು.

ಇನ್ನು ನಿಮ್ಮ ಫ್ಯೂಸ್. ಸುಟ್ಟಾಗ ಕಾಲಂ ಯಾವ ಸ್ಥಾನದಲ್ಲಿತ್ತೆಂದು ಮಾಲೀಕರನ್ನು ಕೇಳಿ. ಕಾಲಂ ಸರಿದಾಗಲೆಲ್ಲ ಅದರ ಜೊತೆಯ ವೈರಿನ ಕಟ್ಟು ಬಾಗಿ ಚಾಚುತ್ತದೆ. ಹಿಡಿದಿಡುವ ಕ್ಲಿಪ್ ಮುರಿದರೆ ಬ್ರಾಕೆಟ್ಟಿನ ಅಂಚಿಗೆ ಉಜ್ಜಿ ಸಿಪ್ಪೆ ಹರಿದು, ಒಂದು ಸ್ಥಾನದಲ್ಲಿ ಮಾತ್ರ ಶಾರ್ಟ್ ಆಗುತ್ತದೆ. ಬೇಸ್‌ಮೆಂಟಿನ ಇಲಿ ಕಚ್ಚಿದ ವೈರೂ ಇದೇ ಆಟ ಆಡುತ್ತದೆ. ಹುಡುಕಲು, ಸುಟ್ಟ ಫ್ಯೂಸಿನ ಜಾಗದಲ್ಲಿ 55 ವ್ಯಾಟಿನ ಒಂದು ಹೆಡ್‌ಲೈಟ್ ಬಲ್ಬನ್ನು ಎರಡು ವೈರಿನಿಂದ ಜೋಡಿಸಿ. ಬಲ್ಬ್ ಬಿಸಿಯಾಗುವುದರಿಂದ ಪ್ಲಾಸ್ಟಿಕ್‌ಗೂ ಸೀಟಿಗೂ ತಾಗದಂತೆ ಇಡಿ. ಶಾರ್ಟ್ ಆದಾಗ ಬಲ್ಬ್ ಪೂರ್ತಿ ಬೆಳಗುತ್ತದೆ, ಆದರೆ ಆ ಬಲ್ಬೇ ಕರೆಂಟನ್ನು ಸುಮಾರು 4.5 ಆಂಪಿಯರಿಗೆ ಕಟ್ಟಿಹಾಕುವುದರಿಂದ ವೈರು ಸುಡುವುದಿಲ್ಲ. ಕಾಲಂ ಅನ್ನು ಶಾರ್ಟ್ ಆಗುವ ಸ್ಥಾನಕ್ಕೆ ತಂದು, ವೈರಿನ ಕಟ್ಟನ್ನು ಗೇಣು ಗೇಣು ಅಲುಗಿಸುತ್ತಾ ಬನ್ನಿ. ಬಲ್ಬ್ ಮಿನುಗಿದ ಜಾಗದಲ್ಲಿ ಟೇಪ್ ಬಿಚ್ಚಿ. ಹರಿದ ವೈರನ್ನು ಬೆಸುಗೆ ಹಾಕಿ, ಶಾಖಕ್ಕೆ ಕುಗ್ಗುವ ಕೊಳವೆ ಹೊದಿಸಿ, ಮುರಿದ ಕ್ಲಿಪ್ಪಿಗೆ ಹೊಸದು ಹಾಕಿ. ಆಮೇಲೆ ಕಂಪನಿ ಹೇಳಿದ ಅಳತೆಯದೇ ಫ್ಯೂಸ್ ಹಾಕಿ, ಕಾಲಂ ಅನ್ನು ನಾಲ್ಕೂ ಮೂಲೆಗೆ ಹತ್ತು ಸಲ ಓಡಿಸಿ, ಏರ್‌ಬ್ಯಾಗಿನ ದೀಪ ಆರಿದೆಯೇ ನೋಡಿದ ನಂತರವೇ ಮಾಲೀಕರಿಗೆ ಕೀಲಿ ಕೊಡಿ.